ಹವಳಗಾದ ಲೆಕ್ಕ ಎಲ್ಲಿದೆ?

ಅಫಜಲಪುರ ತಾಲ್ಲೂಕಿನ ಹವಳಗಾದ ಹಿರಿಯರೊಬ್ಬರು ಗ್ರಾಮಸಭೆಯಲ್ಲಿ ಕೊಡಲು ಅರ್ಜಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಊರಿನ ಬಾಣಂತಿಯರ ಆರೈಕೆಗೆ ಹೆಚ್ಚಿನ ಸೌಲಭ್ಯ ಬೇಕೆಂಬುದು ಅದರ ಸಾರ. ‘ನಮ್ಮೂರಾಗ ವರ್ಷಕ್ಕ ಎಷ್ಟು ಹೆರಿಗಿ ಆಗ್ತಾವ, ಎಷ್ಟು ಕೂಸು ಉಳೀತಾವ, ನಿಮ್ಮ ಕಂಪ್ಯೂಟರಿನಾಗ ಸಿಗ್ತದೇನ್ರಿ?’ ಎಂದು ಅವರು ಕೇಳಿದಾಗ, ಸಿಗುತ್ತದೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಅಂತರ್ಜಾಲದಲ್ಲಿ ಸಿಗದ್ದು ಏನಿದೆ ಎಂಬ ನಗರವಾಸಿಯ ಅಹಂಕಾರ ಅದು.

ಮೊದಲು ತೆರೆದದ್ದು 2011ರ ಜನಗಣತಿ. ಅದರ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಗ್ರಾಮಕ್ಕೂ ಆರು ಅಂಕಿಯ ಸಂಕೇತವಿದೆ, ಆರೋಗ್ಯ ಸೌಲಭ್ಯಗಳ ಪಟ್ಟಿಯಿದೆ. ಊರಿನಲ್ಲಿ ಸೌಲಭ್ಯವಿಲ್ಲದಿದ್ದರೆ ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಒಂದೇ ಅಕ್ಷರ ಹೇಳುತ್ತದೆ: 5 ಕಿ.ಮೀ. ಒಳಗಿದ್ದರೆ ‘ಎ’, 10ರವರೆಗೆ ‘ಬಿ’, ಅದಕ್ಕೂ ಮೀರಿದರೆ ‘ಸಿ’. ಹನ್ನೊಂದು ಕಿಲೋಮೀಟರೂ ‘ಸಿ’, ನಲವತ್ತು ಕಿಲೋಮೀಟರೂ ‘ಸಿ’. ನಡುರಾತ್ರಿ ಟಂಟಂ ಗಾಡಿಯಲ್ಲಿ ಹೊರಟ ಗರ್ಭಿಣಿಗೆ ಇವೆರಡೂ ಒಂದೇ ಅಲ್ಲ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. ಆದರೆ 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಜನರ ಎಣಿಕೆಗೆ 2027 ನಿಗದಿಯಾಯಿತು. ಅಲ್ಲಿಯವರೆಗೆ ಹವಳಗಾದ ಜನಸಂಖ್ಯೆಯೆಂದರೆ 2011ರ ಸಂಖ್ಯೆಯೇ. ಅಂದು ಹುಟ್ಟಿದ ಕೂಸುಗಳು ಈಗ ಹೈಸ್ಕೂಲಿನ ವಯಸ್ಸಿನವು.

ಮುಂದಿನದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2015–16ರ ನಾಲ್ಕನೆಯ ಸುತ್ತಿನಿಂದ ಇದು ಜಿಲ್ಲಾವಾರು ಅಂಕಿಗಳನ್ನು ಕೊಡುತ್ತಿದೆ. ಐದನೆಯ ಸುತ್ತಿನ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ; ಹಿಂದಿನ ಸುತ್ತಿಗಿಂತ ಇದು ಹೆಚ್ಚು. ಬೆಚ್ಚಿಬೀಳಿಸುವ ಸಂಖ್ಯೆಯೇ. ಆದರೆ ಆ ಸುತ್ತಿಗಾಗಿ ಕರ್ನಾಟಕದಲ್ಲಿ ಭೇಟಿ ಕೊಟ್ಟ ಮನೆಗಳು ಸುಮಾರು 26,500, ಅಂದರೆ ಜಿಲ್ಲೆಗೆ ಒಂಬೈನೂರರ ಆಸುಪಾಸು. ಅದನ್ನು ತಾಲ್ಲೂಕಿಗೂ ಇಳಿಸಲಾಗದು, ಊರಿಗಂತೂ ಮಾತೇ ಇಲ್ಲ. ಹಳೆಯದರೊಡನೆ ಹೋಲಿಸೋಣವೆಂದರೆ ಮತ್ತೊಂದು ತೊಡಕು. 2007–08ರ ಜಿಲ್ಲಾ ಸಮೀಕ್ಷೆಯ ‘ಗುಲಬರ್ಗಾ’ದಲ್ಲಿ ಯಾದಗಿರಿಯೂ ಸೇರಿತ್ತು. 2009ರ ಡಿಸೆಂಬರಿನಲ್ಲಿ ಅದು ಬೇರೆ ಜಿಲ್ಲೆಯಾಯಿತು. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. ಇದನ್ನರಿಯದೆ ಎರಡು ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿಟ್ಟವನು, ಗಡಿ ಬದಲಾದುದನ್ನೇ ಆರೋಗ್ಯ ಬದಲಾಯಿತೆಂದು ತಿಳಿದಾನು.

ತಾಯಂದಿರ ಮರಣದ ಲೆಕ್ಕ ರಾಜ್ಯಮಟ್ಟದ್ದು. 2018–20ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69, ದೇಶದಲ್ಲಿ 97. ಇಲ್ಲಿ ತಜ್ಞರ ಪಕ್ಷವನ್ನೂ ಹೇಳಬೇಕು. ವರ್ಷಕ್ಕೆ ನೂರು ಹೆರಿಗೆಯಾಗುವ ಊರಿನಲ್ಲಿ ಒಬ್ಬ ತಾಯಿ ತೀರಿಕೊಂಡರೆ ಪ್ರಮಾಣ ಸಾವಿರಕ್ಕೇರುತ್ತದೆ, ಮರುವರ್ಷ ಸೊನ್ನೆಗಿಳಿಯುತ್ತದೆ. ಇಂಥ ಪ್ರಮಾಣಕ್ಕೆ ಅರ್ಥವಿಲ್ಲ. ಸರಿ, ಆದರೆ ನಮ್ಮ ಹಿರಿಯರು ಕೇಳಿದ್ದು ಪ್ರಮಾಣವನ್ನಲ್ಲ, ಎಣಿಕೆಯನ್ನು.

ಆ ಎಣಿಕೆ ಇರಬೇಕಾದದ್ದು ಜನನ–ಮರಣ ನೋಂದಣಿಯಲ್ಲಿ. 1969ರ ಕಾಯ್ದೆಯ ಪ್ರಕಾರ ಘಟನೆ ನಡೆದ ಸ್ಥಳದಲ್ಲೇ ಅದು ದಾಖಲಾಗಬೇಕು. ಅಫಜಲಪುರ ಗಡಿಯ ತಾಲ್ಲೂಕು. ಕಷ್ಟದ ಹೆರಿಗೆಯೆಂದರೆ ಕಲಬುರಗಿಗೆ ಓಡುವವರುಂಟು, ಸೊಲ್ಲಾಪುರಕ್ಕೆ ಓಡುವವರೂ ಉಂಟು. ಸೊಲ್ಲಾಪುರದಲ್ಲಿ ಹುಟ್ಟಿದ ಹವಳಗಾದ ಮಗು ಮಹಾರಾಷ್ಟ್ರದ ವಹಿಯಲ್ಲಿ ಸೇರುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಸೊಸೆಯ ಕೂಸು ತವರೂರಿನ ಲೆಕ್ಕಕ್ಕೆ. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬು ಕಡಿಯಲು ಬಂದವರಿಗೆ ಗದ್ದೆಯ ಬದಿಯ ಗುಡಿಸಲಿನಲ್ಲಿ ಮಗುವಾದರೆ, ಅದನ್ನು ಬರೆಸುವವರಾದರೂ ಯಾರು? ಮರಣದ್ದೂ ಇದೇ ಕಥೆ. ತಾಯಿಂದಿರು ದೂರದ ದೊಡ್ಡ ಆಸ್ಪತ್ರೆಗಳಲ್ಲಿ ತೀರಿಕೊಂಡಷ್ಟೂ ಊರಿನ ವಹಿ ಶುಭ್ರವಾಗಿ ಉಳಿಯುತ್ತದೆ!

ಮಾಹಿತಿ ಸಂಗ್ರಹವಾಗುತ್ತಿಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2008ರಲ್ಲಿ ಆರಂಭಿಸಿದ ಜಾಲತಾಣಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಿಂದ ತಿಂಗಳು ತಿಂಗಳೂ ಲೆಕ್ಕ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋದ ಆ ಲೆಕ್ಕ ಕೆಳಗೆ ಮರಳಿ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ದೊಡ್ಡ ಮೊತ್ತಗಳಾಗಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದವೆಂದು ಹೇಳಲು ಸಾಧ್ಯವಾದದ್ದು ತಾಲ್ಲೂಕು ಮಟ್ಟದ ಅಂಕಿಗಳನ್ನು ಒಂದೆಡೆ ಕಲೆಹಾಕಿದ್ದರಿಂದ. 371 (ಜೆ) ವಿಧಿ ಬಂದು ಈ ಭಾಗಕ್ಕೆ ಪ್ರತ್ಯೇಕ ಅನುದಾನ ಹರಿಯತೊಡಗಿದ ಮೇಲೂ, ಅದು ಬಾಣಂತಿಯ ಮಂಚದವರೆಗೆ ತಲುಪಿತೇ ಎಂದು ನೋಡಲು ಊರವರ ಕೈಯಲ್ಲಿ ಅಳತೆಗೋಲಿಲ್ಲ. ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಹೇಳುತ್ತದೆ. ಸಣ್ಣ ಊರಿನಲ್ಲಿ ಎಚ್‌ಐವಿ, ಗರ್ಭಪಾತದಂಥ ಲೆಕ್ಕ ಬಯಲಾದರೆ ಯಾರೆಂದು ಗೊತ್ತಾಗಿಬಿಡುತ್ತದೆ, ಅದು ಮುಚ್ಚಿರಲಿ. ಹೆರಿಗೆ, ಲಸಿಕೆ, ಖಾಲಿ ಹುದ್ದೆಗಳ ಸಂಖ್ಯೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದರೆ ಯಾರ ಗುಟ್ಟೂ ಹೊರಬೀಳದು.

ವಾರದ ಹುಡುಕಾಟದ ನಂತರ ಬರಿಗೈಯಲ್ಲಿ ಫೋನ್ ಮಾಡಿದೆ. ಅಷ್ಟರಲ್ಲಿ ಹಿರಿಯರು ಆಶಾ ಕಾರ್ಯಕರ್ತೆಯ ಬಳಿ ಹೋಗಿ ಬಂದಿದ್ದರು. ತವರಿಗೆ ಹೋದವರು, ಸೊಲ್ಲಾಪುರಕ್ಕೆ ಹೋದವರು ಎಲ್ಲರೂ ಆಕೆಯ ನೋಟುಬುಕ್ಕಿನಲ್ಲಿದ್ದರಂತೆ. ಅರ್ಜಿಯ ಖಾಲಿ ಜಾಗ ತುಂಬಿತ್ತು. ‘ಇದರ ಆಧಾರ ಏನಂತ ಬರೀಲ್ರಿ?’ ಎಂದು ಕೇಳಿದರು.