ಒಂದು ಕಾಫಿಯಂತ್ರ, ಎರಡು ವಸ್ತುಪ್ರದರ್ಶನಗಳು

ಅತಿಥಿಸತ್ಕಾರವು ಧರ್ಮವೆನಿಸಿಕೊಂಡು ಸಾವಿರಾರು ವರ್ಷಗಳು ಕಳೆದಿವೆ. ಅದು ಒಂದು ಉದ್ಯಮವೆನಿಸಿಕೊಂಡದ್ದು ತೀರ ಈಚೆಗೆ. ಧರ್ಮವಾಗಿದ್ದಾಗ ಮನೆಯ ಯಜಮಾನನಿಗೆ ಉರಿಯುವ ಒಲೆಯೂ ತುಂಬಿದ ಮನಸ್ಸೂ ಸಾಕಾಗಿದ್ದವು. ಉದ್ಯಮವಾದ ಮೇಲೆ, ಗಂಟೆಗೆ ನೂರು ಮಂದಿಗೆ ಬಿಸಿಯಾರದಂತೆ, ರುಚಿ ಕೆಡದಂತೆ, ತಾನೂ ನಷ್ಟಕ್ಕೀಡಾಗದಂತೆ ಬಡಿಸುವ ಹೊಣೆ ಹೋಟೆಲಿನವನ ತಲೆಯ ಮೇಲೆ ಬಂತು. ಆ ಹೊಣೆಯನ್ನು ನಿರ್ವಹಿಸುವ ಉಪಾಯಗಳನ್ನು ಅವನು ಎಲ್ಲಿ ಕಲಿಯಬೇಕು? ಅಡುಗೆಮನೆಯ ಬಾಗಿಲನ್ನು ಮುಚ್ಚಿಕೊಂಡು ನಡೆಸುವ ಕಸುಬು ಇದು. ನೆರೆಯ ಹೋಟೆಲಿನವನು ಕರೆದು ಕೂಡಿಸಿ ತನ್ನ ಗುಟ್ಟನ್ನು ಹೇಳಿಕೊಟ್ಟಾನೆಯೆ? ಹೀಗೆ ಬಾಗಿಲು ಮುಚ್ಚಿದ ಕಸುಬಿಗೆ ತೆರೆದ ಅಂಗಳವೊಂದನ್ನು ಒದಗಿಸಿದ್ದು ವಸ್ತುಪ್ರದರ್ಶನ. ಹೊರಗಿನಿಂದ ನೋಡಿದವರಿಗೆ ಅದು ಜಾತ್ರೆಯಂತೆ ಕಾಣುವುದುಂಟು. ಆ ಜಾತ್ರೆಯ ಬೆಲೆ ಎಷ್ಟೆಂಬುದನ್ನು ಇಟಲಿಯ ಒಂದು ಯಂತ್ರದ ಕಥೆ ಚೆನ್ನಾಗಿ ತಿಳಿಸುತ್ತದೆ.

1884ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ದೊಡ್ಡದೊಂದು ರಾಷ್ಟ್ರೀಯ ಪ್ರದರ್ಶನ ನಡೆಯಿತು. ಅಲ್ಲಿ ತನ್ನ ಯಂತ್ರವನ್ನು ಇಟ್ಟವರಲ್ಲಿ ಆಂಜೆಲೊ ಮೊರಿಯೊಂಡೊ ಎಂಬವನೊಬ್ಬ. ಅವನು ಎಂಜಿನಿಯರನಲ್ಲ, ಹೋಟೆಲಿನ ಒಡೆಯ. ಊರಿನ ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ಅವನದೊಂದು ಹೋಟೆಲು, ಪೇಟೆಯ ನಡುವೆ ಇನ್ನೊಂದು ಪಾನೀಯಶಾಲೆ. ಅಂದಿನ ಪದ್ಧತಿಯಲ್ಲಿ ಕಾಫಿ ಇಳಿಯಲು ಹಲವು ನಿಮಿಷಗಳು ಬೇಕಾಗುತ್ತಿದ್ದವು. ಬಂದ ಗಿರಾಕಿಗೆ ಬಿಡುವಿಲ್ಲ. ಬಿಡುವಿಲ್ಲದವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಈ ಕಷ್ಟವನ್ನು ದಿನವೂ ಕಣ್ಣಾರೆ ಕಂಡವನು ಹೋಟೆಲಿನವನಲ್ಲದೆ ಮತ್ತಾರು? ಹಬೆಯ ಒತ್ತಡದಿಂದ ಬಿಸಿನೀರನ್ನು ಕಾಫಿಪುಡಿಯ ಮೂಲಕ ಹಾಯಿಸಿ, ಕ್ಷಣಮಾತ್ರದಲ್ಲಿ ಅನೇಕರಿಗಾಗುವಷ್ಟು ಕಾಫಿಯನ್ನು ಇಳಿಸುವ ಯಂತ್ರವನ್ನು ಮೊರಿಯೊಂಡೊ ಯೋಚಿಸಿದ. ಕುಶಲನಾದ ಮೆಕ್ಯಾನಿಕನೊಬ್ಬನ ಕೈಯಿಂದ ಅದನ್ನು ಮಾಡಿಸಿದ. ಅದೇ ವರ್ಷ ಪೇಟೆಂಟನ್ನೂ ಪಡೆದ. ಪ್ರದರ್ಶನದಲ್ಲಿ ಅದಕ್ಕೆ ಕಂಚಿನ ಪದಕ ಬಂತು.

ಕಥೆ ಇಲ್ಲಿಂದ ಮುಂದೆ ಹರಿಯಬೇಕಾಗಿತ್ತು. ಆದರೆ ಇಲ್ಲಿಯೇ ನಿಂತಿತು. ಮೊರಿಯೊಂಡೊ ತನ್ನ ಯಂತ್ರವನ್ನು ಮಾರಾಟಕ್ಕಾಗಿ ತಯಾರಿಸಲಿಲ್ಲ. ತನ್ನ ಸ್ವಂತ ಹೋಟೆಲುಗಳಿಗೆಂದು ಕೆಲವನ್ನು ಮಾತ್ರ ಕೈಯಿಂದ ಮಾಡಿಸಿಕೊಂಡ. ಗಿರಾಕಿಗಳನ್ನು ಸೆಳೆಯುವ ವಸ್ತು ತನ್ನಲ್ಲಿಯೇ ಇರಲಿ ಎಂಬುದು ವ್ಯಾಪಾರಿಯ ಬುದ್ಧಿಗೆ ಸಹಜವೇ. ಫಲವೇನಾಯಿತು? 1914ರಲ್ಲಿ ಅವನು ತೀರಿಕೊಂಡ. ಯಂತ್ರವೂ ಎಲೆಮರೆಯ ಕಾಯಿಯಾಗಿಯೇ ಉಳಿದು ಉದುರಿಹೋಯಿತು. ಬಹುಕಾಲದ ಮೇಲೆ ಕಾಫಿಯ ಇತಿಹಾಸವನ್ನು ಶೋಧಿಸಿದವರು ಪೇಟೆಂಟಿನ ಕಾಗದಗಳಿಂದ ಅವನ ಹೆಸರನ್ನು ಹೊರತೆಗೆಯಬೇಕಾಯಿತು.

ಇನ್ನೊಂದು ಪ್ರದರ್ಶನದ ಕಥೆ ಬೇರೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಜೆರಾ ಎಂಬವನು ಇದೇ ಜಾತಿಯ ಯಂತ್ರವೊಂದಕ್ಕೆ ಪೇಟೆಂಟನ್ನು ಕೋರಿದ. ಅವನದರಲ್ಲಿ ಒಂದು ಹೊಸತನವಿತ್ತು: ಹಿಡಿಯುಳ್ಳ ಸಣ್ಣ ಸೋಸುಬಟ್ಟಲಿಗೆ ಪುಡಿ ತುಂಬಿ, ಕೇಳಿದವನಿಗೆ ಕೇಳಿದ ಗಳಿಗೆಯಲ್ಲಿ, ಒಬ್ಬೊಬ್ಬನ ಬಟ್ಟಲಿಗೆ ಬೇರೆ ಬೇರೆಯಾಗಿ ಕಾಫಿ ಇಳಿಸಬಹುದಾಗಿತ್ತು. ಬುದ್ಧಿಯಿದ್ದರೂ ಬಂಡವಾಳವಿಲ್ಲದ ಬೆಜೆರಾನ ಪೇಟೆಂಟನ್ನು ದೆಸಿದೇರಿಯೊ ಪವೋನಿ ಕೊಂಡುಕೊಂಡು ಯಂತ್ರಗಳನ್ನು ತಯಾರಿಸಿ ಮಾರಲು ಹೊರಟ. 1906ರಲ್ಲಿ ಮಿಲಾನಿನಲ್ಲಿ ಅಂತರರಾಷ್ಟ್ರೀಯ ಪ್ರದರ್ಶನ ನೆರೆಯಿತು. ಅಲ್ಲಿ ಯಂತ್ರವನ್ನು ನಿಲ್ಲಿಸಿ, ಬಂದವರ ಕಣ್ಣೆದುರಿಗೆ ಕಾಫಿ ಇಳಿಸಿ ಕೊಟ್ಟರು. ಆ ಕಾಫಿಗೆ ‘ಎಸ್ಪ್ರೆಸೊ’ ಎಂದು ಹೆಸರಿಟ್ಟು ಸಾರಿದರು. ಅಲ್ಲಿಂದ ಮುಂದೆ ಆ ಪಾನೀಯ ಊರೂರಿಗೆ ಹಬ್ಬಿ, ಕಾಲಕ್ರಮದಲ್ಲಿ ಲೋಕದ ಪಾನೀಯವಾಯಿತು. ನಮ್ಮ ಮದುವೆಮನೆಗಳಲ್ಲಿ ಹಬೆಯುಗುಳುತ್ತ ಹಾಲನ್ನು ನೊರೆಯೆಬ್ಬಿಸುವ ಯಂತ್ರದ ಕಾಫಿಗೂ ಜನ ಆ ಹೆಸರನ್ನೇ ಹಿಡಿದರು.

ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಬೇಕು. ಎರಡನೆಯ ಯಂತ್ರ ಗುಣದಲ್ಲಿ ಮೇಲಾಗಿತ್ತು, ನಿಜ. ಆದರೆ ವ್ಯತ್ಯಾಸವೆಲ್ಲವೂ ಅಷ್ಟರಲ್ಲಿಯೇ ಇಲ್ಲ. ಮೊರಿಯೊಂಡೊ ಪ್ರದರ್ಶನಕ್ಕೆ ಹೋದದ್ದು ಮೆಚ್ಚುಗೆಗಾಗಿ. ಮೆಚ್ಚುಗೆ ದೊರೆಯಿತು, ಅವನು ಮನೆಗೆ ಮರಳಿದ. ಪವೋನಿ ಹೋದದ್ದು ಕೊಳ್ಳುವವರನ್ನು ಹುಡುಕಿಕೊಂಡು. ಪ್ರದರ್ಶನದ ಫಲ ಪದಕದೊಂದಿಗೆ ಮುಗಿಯುವಂಥದಲ್ಲ. ಪದಕ ಬಂದ ಮರುದಿನದಿಂದ ಅದು ಆರಂಭವಾಗುತ್ತದೆ. ಒಂದು ಹೋಟೆಲಿನ ಅನುಕೂಲವಾಗಿದ್ದುದು ಇಡೀ ಕಸುಬಿನ ಆಸ್ತಿಯಾಗುವುದು ಆಗಲೇ.

ಹಾಗೆಂದು, ಪ್ರದರ್ಶನದ ಬಾಗಿಲನ್ನು ಹೊಕ್ಕವರೆಲ್ಲ ಧನಿಕರಾಗಿ ಹೊರಬಂದರೆಂದು ವಾಚಕರು ಭಾವಿಸಬಾರದು. 1851ರ ಲಂಡನ್ ಮಹಾಪ್ರದರ್ಶನವನ್ನೇ ನೋಡಬಹುದು. ಅದರ ಒಳಗೆ ತಿಂಡಿ ಪಾನೀಯಗಳನ್ನು ಮಾರುವ ಗುತ್ತಿಗೆ ಹಿಡಿದ ಶ್ವೆಪ್ಸ್ ಕಂಪನಿ ಹತ್ತು ಲಕ್ಷಕ್ಕೂ ಹೆಚ್ಚು ಸೋಡಾ, ಲೆಮನೇಡ್ ಮೊದಲಾದ ಬಾಟಲಿಗಳನ್ನು ಮಾರಿತು. ಅದೇ ವರ್ಷ, ಅದೇ ಜನಸಂದಣಿಯನ್ನು ನಂಬಿಕೊಂಡು, ಆ ಕಾಲದ ಸುಪ್ರಸಿದ್ಧ ಪಾಕಶಾಸ್ತ್ರಜ್ಞ ಅಲೆಕ್ಸಿಸ್ ಸೊಯೆ ಎಂಬವನು ಉದ್ಯಾನದ ಎದುರಿನ ಮಹಲಿನಲ್ಲಿ ಸಕಲ ರಾಷ್ಟ್ರಗಳ ಭೋಜನಶಾಲೆಯೊಂದನ್ನು ವೈಭವದಿಂದ ತೆರೆದ. ಅಲಂಕಾರಕ್ಕೆ ಸುರಿದ ಹಣ ಊಟದಿಂದ ಹಿಂದಿರುಗಲಿಲ್ಲ. ಸುಮಾರು ಏಳು ಸಾವಿರ ಪೌಂಡುಗಳ ನಷ್ಟವಾಗಿ, ಕೆಲವೇ ತಿಂಗಳುಗಳಲ್ಲಿ ಬಾಗಿಲು ಮುಚ್ಚಬೇಕಾಯಿತು. ದಣಿದವನಿಗೆ ಬೇಕಾದುದು ಬಾಯಾರಿಕೆ ತಣಿಸುವ ಒಂದು ಬಾಟಲಿಯೆಂದು ಒಬ್ಬರು ತಿಳಿದರು. ಬೆರಗುಗೊಳಿಸಿದರೆ ಸಾಕೆಂದು ಇನ್ನೊಬ್ಬರು ನಂಬಿದರು. ಜನ ನೆರೆದಲ್ಲೆಲ್ಲ ವ್ಯಾಪಾರವಾಗದೆಂಬ ಈ ಪಾಠವನ್ನು ಕಲಿಸಿದ್ದೂ ಪ್ರದರ್ಶನವೇ.

ಈಗ ಕಾಲ ಬದಲಾಗಿದೆ. ರೈಲು ಎಂಜಿನ್ನಿನಿಂದ ಹಿಡಿದು ರೇಷ್ಮೆಯ ತನಕ ಎಲ್ಲವನ್ನೂ ಒಂದೇ ಚಪ್ಪರದಡಿ ತೋರಿಸುತ್ತಿದ್ದ ಮಹಾಪ್ರದರ್ಶನಗಳ ಜೊತೆಗೆ, ಒಂದೊಂದು ಕಸುಬಿಗೇ ಮೀಸಲಾದ ಮೇಳಗಳು ಹುಟ್ಟಿಕೊಂಡಿವೆ. ಪವೋನಿ ತನ್ನ ಯಂತ್ರವನ್ನು ನಿಲ್ಲಿಸಿದ ಮಿಲಾನಿನಲ್ಲಿಯೇ ಎರಡು ವರ್ಷಗಳಿಗೊಮ್ಮೆ ‘ಹೋಸ್ಟ್’ ಎಂಬ ಮೇಳ ನಡೆಯುತ್ತದೆ. 2023ರಲ್ಲಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ತಯಾರಕರು ಮಳಿಗೆಗಳನ್ನು ಹಾಕಿದ್ದರು. ಒಲೆ, ಶೀತಲಪೆಟ್ಟಿಗೆ, ಪಾತ್ರೆ, ಪೀಠೋಪಕರಣ, ಕಾಫಿಯಂತ್ರ ಎಲ್ಲವೂ ಹೋಟೆಲಿಗೆ ಸೇರಿದುವೇ. ದೆಹಲಿಯ ಪ್ರಗತಿ ಮೈದಾನದಲ್ಲಿ ‘ಆಹಾರ್’ ಎಂಬ ಮೇಳವನ್ನು ಕೇಂದ್ರ ಸರ್ಕಾರದ ವ್ಯಾಪಾರ ಉತ್ತೇಜನ ಸಂಸ್ಥೆ ನಡೆಸಿಕೊಂಡು ಬಂದಿದೆ.

ಇಂಥ ಮೇಳದಿಂದ ದೊಡ್ಡ ಹೋಟೆಲುಗಳಿಗಿಂತ ಸಣ್ಣವರಿಗೇ ಪ್ರಯೋಜನ ಹೆಚ್ಚು. ದೊಡ್ಡವರ ಮನೆಬಾಗಿಲಿಗೆ ಮಾರುವವರು ತಾವಾಗಿಯೇ ಬರುತ್ತಾರೆ. ಹತ್ತು ಮೇಜುಗಳ ಹೋಟೆಲಿನವನಿಗೆ ಒಂದು ರುಬ್ಬುವ ಯಂತ್ರವೆಂದರೂ ಸಾಲದ ಮಾತು. ಕೊಂಡದ್ದು ತಪ್ಪಾದರೆ ವರ್ಷದ ದುಡಿಮೆಯೇ ನೀರಿನಲ್ಲಿ ಹೋಮವಾದಂತೆ. ಚಿತ್ರಪುಸ್ತಕದಲ್ಲಿ ಎಲ್ಲ ಯಂತ್ರಗಳೂ ಹೊಳೆಯುತ್ತವೆ. ಮೇಳದಲ್ಲಿಯಾದರೆ ಐದು ಮಂದಿಯ ಯಂತ್ರಗಳು ಅಕ್ಕಪಕ್ಕದಲ್ಲಿ ನಿಂತು ತಿರುಗುತ್ತಿರುತ್ತವೆ. ಸದ್ದೆಷ್ಟು, ಕಾವೆಷ್ಟು, ತೊಳೆಯುವುದು ಸುಲಭವೆ, ಬಿಡಿಭಾಗ ಕೆಟ್ಟರೆ ದೊರೆಯುವುದೆಲ್ಲಿ ಎಂದು ಮುಟ್ಟಿ ನೋಡಿ, ಕೇಳಿ ತಿಳಿಯಬಹುದು. ಬೆಲೆಯಲ್ಲಿ ಚೌಕಾಸಿಯನ್ನೂ ಮಾಡಬಹುದು. ತಯಾರಕನಿಗಾದರೋ, ತನ್ನ ಯಂತ್ರವನ್ನು ದಿನವೂ ದುಡಿಸುವವನ ದೂರು ನೇರವಾಗಿ ಕಿವಿಗೆ ಬೀಳುವ ಅವಕಾಶ. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಕೆಲಸದವರನ್ನು ಬಿಟ್ಟು ದೇಶ ಸುತ್ತಲಾರದವನಿಗೆ ದೇಶವೇ ನಾಲ್ಕು ದಿನ ಒಂದೆಡೆ ಬಂದು ನಿಂತಂತಾಗುತ್ತದೆ.

ಕನ್ನಡನಾಡಿಗೂ ಈ ಕಥೆಗೂ ದೂರದ ಸಂಬಂಧವೇನೂ ಅಲ್ಲ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಮುಂದೆ ನಿಂತಿರುವುದು ಇಟಲಿ. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಏಷ್ಯಾಖಂಡದಲ್ಲಿ ಮೊದಲ ಬಾರಿಗೆ ಸೇರಿದ್ದು ಬೆಂಗಳೂರಿನ ಅರಮನೆಯ ಆವರಣದಲ್ಲಿ. ಅದರೊಡನೆ ಪ್ರದರ್ಶನವೂ ಇತ್ತು. ಬೆಳೆಯುವವರು, ಹುರಿಯುವವರು, ಯಂತ್ರ ಮಾಡುವವರು, ಬಟ್ಟಲಿಗೆ ಸುರಿದು ಕೊಡುವವರು ಒಂದೇ ಸೂರಿನಡಿ ಮುಖಾಮುಖಿಯಾಗುವುದು ಇಂಥ ಸಂದರ್ಭಗಳಲ್ಲಿಯೇ.

ನಮ್ಮ ಹೋಟೆಲುಗಳ ಅಡುಗೆಮನೆಗಳಲ್ಲಿಯೂ ಎಷ್ಟೋ ಮಂದಿ ಮೊರಿಯೊಂಡೊಗಳು ಇರಬೇಕು. ಒಬ್ಬ ಹಬೆಯ ಪೆಟ್ಟಿಗೆಗೆ ಹೊಸ ತಟ್ಟೆಯೊಂದನ್ನು ಅಳವಡಿಸಿರುತ್ತಾನೆ. ಇನ್ನೊಬ್ಬ ಕಾವಲಿಯ ಉರಿಯನ್ನು ಉಳಿಸುವ ಉಪಾಯವನ್ನು ಕಂಡುಕೊಂಡಿರುತ್ತಾನೆ. ಆ ಜಾಣ್ಮೆ ನಾಲ್ಕು ಗೋಡೆಗಳ ನಡುವೆ ಅವರಿಗೆ ಅನ್ನ ಕೊಡುತ್ತದೆ, ಅವರೊಡನೆಯೇ ಮುಗಿದುಹೋಗುತ್ತದೆ. ಅದನ್ನು ಹತ್ತು ಜನರೆದುರು ತಂದು ನಿಲ್ಲಿಸುವ ಧೈರ್ಯ ಅವರಿಗೆ ಬರಲಿ. ನಿಲ್ಲಿಸಲು ಕೈಗೆಟುಕುವ ಬಾಡಿಗೆಯ ಜಾಗವನ್ನು ಮೇಳ ನಡೆಸುವವರು ಒದಗಿಸಲಿ. ಟ್ಯೂರಿನ್ನಿನ ಹೋಟೆಲು ಕಳೆದುಕೊಂಡದ್ದು ಏನೆಂಬುದನ್ನು ಬಲ್ಲ ನಮಗೆ ಅಷ್ಟನ್ನು ಅಪೇಕ್ಷಿಸುವ ಹಕ್ಕಿದೆ.