ಮುಪ್ಪನ್ನು ಸಲಹುವ ಜಲಪಾತ

ಜಲಪಾತಗಳಿಗೆ ಹೆಸರಿಡುವಾಗ ಜನರು ನೀರಿನ ಬಿಳುಪನ್ನೋ, ಬೀಳುವ ಸದ್ದನ್ನೋ, ಪಕ್ಕದ ಊರನ್ನೋ ನೋಡುವುದು ವಾಡಿಕೆ. ಜಪಾನಿನ ಗಿಫು ಪ್ರಾಂತದಲ್ಲಿರುವ ಒಂದು ಜಲಪಾತದ ಹೆಸರಾದರೋ ಈ ವಾಡಿಕೆಗೆ ಹೊರಗಾದುದು. ಅದರ ಹೆಸರು ಯೋರೋ. ಇದನ್ನು ಬರೆಯಲು ಚೀನೀ ಮೂಲದ ಎರಡು ಅಕ್ಷರಗಳು ಸಾಕು. ಮೊದಲನೆಯದಕ್ಕೆ ಸಲಹುವುದು ಎಂದೂ ಎರಡನೆಯದಕ್ಕೆ ಮುಪ್ಪು ಎಂದೂ ಅರ್ಥ. ಎರಡನ್ನೂ ಸಮಾಸ ಮಾಡಿದರೆ ‘ವೃದ್ಧಪೋಷಣೆ’ ಎಂದಾಗುತ್ತದೆ. ಬೀಳುವ ನೀರಿಗೂ ಮುದುಕರನ್ನು ಸಲಹುವುದಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾವು ಆ ಜಲಪಾತದ ಬಳಿಗೆ ಹೋಗಿಬರೋಣ.

ನಗೋಯಾ ನಗರದಿಂದ ರೈಲಿನಲ್ಲಿ ಅರ್ಧ ಗಂಟೆಯಷ್ಟು ಪಯಣ ಮಾಡಿದರೆ ಓಗಾಕಿ ಎಂಬ ಊರು ಸಿಕ್ಕುತ್ತದೆ. ಅಲ್ಲಿ ಇಳಿದು, 1913ರಲ್ಲಿ ಆರಂಭವಾದ ಯೋರೋ ಮಾರ್ಗದ ಸಣ್ಣ ರೈಲನ್ನು ಹತ್ತಬೇಕು. ಗದ್ದೆಗಳ ನಡುವೆ ಸಾಗಿ ಅದು ನಿಮ್ಮನ್ನು ಯೋರೋ ನಿಲ್ದಾಣದಲ್ಲಿ ಇಳಿಸುತ್ತದೆ. ತಲೆಯೆತ್ತಿ ನೋಡಿದರೆ ನಿಲ್ದಾಣದ ಸೂರಿನಲ್ಲಿ ಒಣಗಿದ ಸೋರೆಬುರುಡೆಗಳು ಸಾಲಾಗಿ ತೂಗಾಡುತ್ತಿರುತ್ತವೆ. ಇವು ಬರಿಯ ಅಲಂಕಾರವಲ್ಲ; ಇವುಗಳ ಕಥೆಯನ್ನು ಮುಂದೆ ಹೇಳುತ್ತೇನೆ. ಅಲ್ಲಿಂದ ಮುಕ್ಕಾಲು ಗಂಟೆಯಷ್ಟು ಏರುದಾರಿ. 1880ರಲ್ಲಿ ತೆರೆದ ಉದ್ಯಾನವನ್ನು ದಾಟಿ, ಹಳ್ಳದ ಅಂಚಿನಲ್ಲೇ ಮರಗಳ ನೆರಳಿನಲ್ಲಿ ನಡೆಯಬೇಕು. ಶರತ್ಕಾಲದಲ್ಲಿ ಹೋದವರಿಗೆ ಕೆಂಪೇರಿದ ಮೇಪಲ್ ಎಲೆಗಳು ದಾರಿಯುದ್ದಕ್ಕೂ ಜೊತೆಗೊಡುತ್ತವೆ. ಕೊನೆಯಲ್ಲಿ ಜಲಪಾತ. ಎತ್ತರ ಸುಮಾರು 32 ಮೀಟರು, ಅಗಲ 4 ಮೀಟರು. ಒಂದೇ ಧಾರೆಯಾಗಿ ನೆಟ್ಟಗೆ ಇಳಿಯುತ್ತದೆ. ಹೊಕುಸಾಯ್ ಎಂಬ ಪ್ರಸಿದ್ಧ ಚಿತ್ರಕಾರನು 1833ರ ಸುಮಾರಿಗೆ ನಾಡಿನ ಎಂಟು ಜಲಪಾತಗಳನ್ನು ಮರದ ಅಚ್ಚಿನಲ್ಲಿ ಚಿತ್ರಿಸಿದಾಗ ಇದನ್ನೂ ಆ ಸಾಲಿನಲ್ಲಿ ಸೇರಿಸಿದ್ದನು.

ಈ ನೀರು ಇಲ್ಲಿಯೇ ಏಕೆ ಧುಮುಕಬೇಕು? ಇದಕ್ಕೆ ಕಾರಣ ನೆಲದೊಳಗೆ ಇದೆ. ಯೋರೋ ಬೆಟ್ಟಸಾಲಿನ ಪೂರ್ವದ ಬುಡದಲ್ಲಿ ಭೂಮಿಯ ದೊಡ್ಡ ಬಿರುಕೊಂದು ಹಾದುಹೋಗಿದೆ. ಅದರ ಒಂದು ಪಕ್ಕದಲ್ಲಿ ಬೆಟ್ಟವು ಯುಗಯುಗಗಳಿಂದ ಮೇಲೇಳುತ್ತಿದೆ. ಇನ್ನೊಂದು ಪಕ್ಕದಲ್ಲಿ ನೋಬಿ ಬಯಲು ಕುಸಿಯುತ್ತಿದೆ. ಆದುದರಿಂದ ಬೆಟ್ಟದ ಪಶ್ಚಿಮದ ಮೈ ಸಾವಕಾಶವಾದ ಇಳಿಜಾರು. ಪೂರ್ವದ ಮೈ ಗೋಡೆಯಂತೆ ಕಡಿದು. ಆ ಕಡಿದಾದ ಮೈಯಲ್ಲಿ ಹಳ್ಳಕ್ಕೆ ನಿಧಾನವಾಗಿ ಹರಿಯುವ ಅವಕಾಶವಿಲ್ಲ, ಧುಮುಕಲೇಬೇಕು.

ಇನ್ನು ಹೆಸರಿನ ಮಾತು. ಕ್ರಿ.ಶ. 797ರಲ್ಲಿ ಮುಗಿದ ‘ಶೊಕು ನಿಹೊಂಗಿ’ ಎಂಬ ರಾಜಚರಿತ್ರೆಯಲ್ಲಿ ಇದರ ಹಳೆಯ ಆಧಾರ ದೊರೆಯುತ್ತದೆ. 717ನೆಯ ಇಸವಿಯಲ್ಲಿ ಗೆನ್‌ಶೋ ಎಂಬಾಕೆ ನಾರಾ ನಗರದಿಂದ ಆಳುತ್ತಿದ್ದಳು. ಆಕೆ ಚಕ್ರವರ್ತಿಯ ಪತ್ನಿಯಲ್ಲ, ತಾನೇ ಸಿಂಹಾಸನವನ್ನೇರಿದವಳು. ಆ ವರ್ಷ ಆಕೆ ಮಿನೊ ಸೀಮೆಗೆ ಬಂದು ಇಲ್ಲಿಯ ಚೆಲುವಾದ ಒರತೆಯಲ್ಲಿ ಕೈ ಮುಖ ತೊಳೆದಳು. ಚರ್ಮ ನುಣುಪಾಯಿತು, ನೋವಿದ್ದ ಕಡೆ ನೋವು ಹೋಯಿತು. ಇದನ್ನು ಶುಭಶಕುನವೆಂದು ತಿಳಿದು ಆಕೆ ತನ್ನ ಆಳ್ವಿಕೆಯ ಶಕೆಯ ಹೆಸರನ್ನೇ ‘ಯೋರೋ’ ಎಂದು ಬದಲಾಯಿಸಿದಳು. 80 ವರ್ಷ ದಾಟಿದ ಪ್ರಜೆಗಳಿಗೆ ಮನ್ನಣೆ ನೀಡಿದಳು. ಆ ಒರತೆ ಜಲಪಾತವೋ ಅಥವಾ ಕೆಳಗಿನ ಯೋರೋ ದೇಗುಲದ ಬಳಿಯ ‘ಕಿಕುಸುಯ್’, ಎಂದರೆ ‘ಸೇವಂತಿಗೆಯ ನೀರು’ ಎಂಬ ಬುಗ್ಗೆಯೋ ಎಂಬುದರಲ್ಲಿ ಎರಡು ಮತಗಳುಂಟು.

ಗಮನಿಸಿ, ಇಲ್ಲಿ ಮಗನಿಲ್ಲ, ತಂದೆಯಿಲ್ಲ, ಸೋರೆಬುರುಡೆಯೂ ಇಲ್ಲ. ಅವರು ಬರುವುದು ಐದು ಶತಮಾನಗಳ ತರುವಾಯ. 1254ರಲ್ಲಿ ಮುಗಿದ ‘ಕೊಕೊನ್ ಚೊಮೊಂಜು’ ಎಂಬ ಕಥಾಸಂಗ್ರಹದಲ್ಲಿ ಹೀಗಿದೆ: ಮಿನೊ ಸೀಮೆಯ ಬಡವನೊಬ್ಬ ಬೆಟ್ಟದಲ್ಲಿ ಸೌದೆ, ಹುಲ್ಲು ತಂದು ಮಾರಿ ಮುದಿತಂದೆಯನ್ನು ಸಾಕುತ್ತಿದ್ದನು. ತಂದೆಗೆ ‘ಸಾಕೆ’ ಎಂಬ ಅಕ್ಕಿಯ ಮದ್ಯದ ಮೇಲೆ ಬಹಳ ಆಸೆ. ಮಗನು ಸೊಂಟಕ್ಕೆ ಬುರುಡೆ ಕಟ್ಟಿಕೊಂಡು ಅಂಗಡಿಗೆ ಹೋಗಿ ದಿನವೂ ಅದನ್ನು ತರುವನು. ಒಂದು ದಿನ ಬೆಟ್ಟದಲ್ಲಿ ಪಾಚಿಗಲ್ಲಿನ ಮೇಲೆ ಜಾರಿ ಬೋರಲಾಗಿ ಬಿದ್ದನು. ಬಿದ್ದಲ್ಲೇ ಮೂಗಿಗೆ ಮದ್ಯದ ವಾಸನೆ! ಕಲ್ಲುಗಳ ನಡುವಿನಿಂದ ಒಸರುತ್ತಿದ್ದ ನೀರನ್ನು ನೆಕ್ಕಿ ನೋಡಿದರೆ ಉತ್ತಮವಾದ ಸಾಕೆ. ಅಂದಿನಿಂದ ತಂದೆಗೆ ಕೊರತೆಯಿಲ್ಲ. ಈ ಸುದ್ದಿ ದೊರೆಗೆ ಮುಟ್ಟಿತು. ಇದು ಪಿತೃಭಕ್ತಿಗೆ ದೈವವು ಮೆಚ್ಚಿ ಕೊಟ್ಟ ಫಲವೆಂದು ಭಾವಿಸಿ ಅವನನ್ನು ಆ ಸೀಮೆಯ ಅಧಿಕಾರಿಯನ್ನಾಗಿ ಮಾಡಲಾಯಿತು. ಮುಂದೆ ನೋ ನಾಟಕದ ಆಚಾರ್ಯನಾದ ಜೆಯಾಮಿ ಇದೇ ವಸ್ತುವನ್ನು ಎತ್ತಿಕೊಂಡಾಗ ಮದ್ಯವನ್ನು ಔಷಧಿಯ ನೀರನ್ನಾಗಿ ಮಾಡಿದನು. ಕಾಲವನ್ನು ಇನ್ನೂ ಪುರಾತನನಾದ ಯೂರ್ಯಾಕು ಚಕ್ರವರ್ತಿಯ ದಿನಗಳಿಗೆ ಒಯ್ದನು.

ಹಾಗಾದರೆ ಈ ಕಥೆ ಸುಳ್ಳೇ ಎಂದು ನೀವು ಕೇಳಬಹುದು. ಇತಿಹಾಸವೆಂದು ಹಿಡಿದರೆ ನಿಲ್ಲಲಾರದು, ನಿಜ. ಆದರೆ ಕಥೆ ಹೆಣೆದವನ ಮನಸ್ಸನ್ನು ನೋಡಿ. ರಾಜಚರಿತ್ರೆಯಲ್ಲಿ ನೀರಿನ ಗುಣ ದೊಡ್ಡದು. ಕಥೆಯಲ್ಲಿ ನೀರು ಹೊತ್ತವನ ಗುಣ ದೊಡ್ಡದು. ‘ಮುದುಕರನ್ನು ಸಲಹುವುದು’ ಎಂಬ ಕ್ರಿಯಾಪದಕ್ಕೆ ಕರ್ತೃ ಯಾರು ಎಂಬ ಪ್ರಶ್ನೆ ಹುಟ್ಟಿದಾಗ ಜನರು ಅಲ್ಲಿ ನೀರನ್ನು ತೆಗೆದು ಮಗನನ್ನು ಇರಿಸಿದರು. ಆ ಮಗನು ತಂದೆಗೆ ಗಂಜಿ ಕೊಟ್ಟು ಕರ್ತವ್ಯ ಮುಗಿಯಿತೆನ್ನಲಿಲ್ಲ. ತಂದೆ ಆಸೆಪಟ್ಟುದನ್ನು ತಂದನು. ಮುದುಕರಿಗೂ ಒಂದು ಆಸೆ ಇರುತ್ತದೆ ಎಂಬುದನ್ನು ಮರೆಯದಿರುವುದೇ ಈ ಕಥೆಯ ತಿರುಳು.

ಇದು ಕಥೆಯಲ್ಲಿಯೇ ನಿಂತ ಮಾತಲ್ಲ. ಆ ಶಕೆಯ ಹೆಸರನ್ನೇ ಹೊತ್ತ ‘ಯೋರೋ ಧರ್ಮಸಂಹಿತೆ’ ಚೀನದ ತಾಂಗ್ ಶಾಸನದ ಮಾದರಿಯಲ್ಲಿ ರಚಿತವಾಗಿ 757ರಲ್ಲಿ ಜಾರಿಗೆ ಬಂದಿತು. ಅದರ ವಿಧಿ ಹೀಗೆ: 80 ವರ್ಷದವರಿಗೆ ಒಬ್ಬ ಪರಿಚಾರಕ, 90ರವರಿಗೆ ಇಬ್ಬರು, ನೂರು ತುಂಬಿದವರಿಗೆ ಐವರು. ಮೊದಲು ಮಕ್ಕಳು ಮೊಮ್ಮಕ್ಕಳನ್ನು ನೇಮಿಸಬೇಕು; ಅವರಿಲ್ಲದಿದ್ದರೆ ಹತ್ತಿರದ ಬಂಧುಗಳನ್ನು; ಅವರೂ ಇಲ್ಲದಿದ್ದರೆ ಹೊರಗಿನವರನ್ನು. ಮುಪ್ಪು ಮನೆಯ ಚಿಂತೆಯೋ ರಾಜ್ಯದ ಚಿಂತೆಯೋ ಎಂಬ ಪ್ರಶ್ನೆಗೆ ಎರಡೂ ಹೌದೆಂದು ಆ ಕಾಲದಲ್ಲೇ ಉತ್ತರ ಬರೆದಿದ್ದರು.

ಈ ಉತ್ತರ ಇಂದು ಆ ನಾಡಿಗೆ ಎಷ್ಟು ಅಗತ್ಯವೆಂದು ನೋಡಿ. ಜಪಾನಿನಲ್ಲಿ ಈಗ ಹತ್ತು ಜನರಲ್ಲಿ ಹೆಚ್ಚು ಕಡಮೆ ಮೂವರು 65 ವರ್ಷ ತುಂಬಿದವರು. 1963ರಲ್ಲಿ ನೂರು ವರ್ಷ ದಾಟಿದವರನ್ನು ಎಣಿಸಿದಾಗ ಸಿಕ್ಕವರು 153 ಮಂದಿ. 2024ರಲ್ಲಿ ಆ ಸಂಖ್ಯೆ 95,000ವನ್ನು ಮೀರಿತು. ಸೌದೆ ಹೊರುವ ಮಗನು ಪಟ್ಟಣ ಸೇರಿದ್ದಾನೆ; ಹಳ್ಳಿಯ ಮನೆಯಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ಅದಕ್ಕಾಗಿ 2000ದಲ್ಲಿ ಸರ್ಕಾರವು ಶುಶ್ರೂಷೆಯ ವಿಮೆಯೊಂದನ್ನು ತಂದಿತು. 40 ತುಂಬಿದವರೆಲ್ಲರೂ ಅದಕ್ಕೆ ಕಂತು ಕಟ್ಟುತ್ತಾರೆ. ಆರೈಕೆ ಬೇಕಾದ ಮುದುಕರಿಗೆ ಅದರಿಂದ ನೆರವು ಸಲ್ಲುತ್ತದೆ. ಒಬ್ಬ ಮಗನ ಸೊಂಟದಲ್ಲಿದ್ದ ಬುರುಡೆಯನ್ನು ಇಡೀ ನಾಡು ಕೈಯಿಂದ ಕೈಗೆ ಸಾಗಿಸುವ ಏರ್ಪಾಡು ಇದು.

ಇನ್ನೊಂದು ಸಂಗತಿ. 1966ರಿಂದ ಅಲ್ಲಿ ಸೆಪ್ಟೆಂಬರಿನಲ್ಲಿ ‘ವೃದ್ಧರನ್ನು ಗೌರವಿಸುವ ದಿನ’ಕ್ಕೆ ರಜೆಯುಂಟು. ಆ ಸಮಯದಲ್ಲಿ, ನೂರು ತುಂಬಿದವರಿಗೆ ಸರ್ಕಾರವು ಉಡುಗೊರೆಯೊಂದನ್ನು ಕಳುಹಿಸುತ್ತದೆ. ಏನೆಂದು ಬಲ್ಲಿರಾ? ಸಾಕೆ ಕುಡಿಯುವ ಬಟ್ಟಲು! 1963ರಿಂದ ಅಚ್ಚ ಬೆಳ್ಳಿಯದಾಗಿತ್ತು. ನೂರರವರು ಅತಿಯಾಗಿ ಹೆಚ್ಚಿದ್ದರಿಂದ 2016ರಲ್ಲಿ ಬೆಳ್ಳಿಯ ಲೇಪದ್ದಾಯಿತು. ಬಟ್ಟಲು ಅಗ್ಗವಾದುದಕ್ಕೆ ಕೊರಗಬೇಕಾಗಿಲ್ಲ. ಅದನ್ನು ತುಂಬಿಸಿ ಕೈಗಿಡುವವರೊಬ್ಬರು ಪಕ್ಕದಲ್ಲಿ ಇದ್ದಾರೆಯೇ ಎಂಬುದೇ ಮುಖ್ಯ.

ನೀವು ಎಂದಾದರೂ ಯೋರೋಗೆ ಹೋದರೆ ಬುಗ್ಗೆಯ ನೀರನ್ನು ಒಂದು ಗುಟುಕು ಕುಡಿಯಿರಿ. ಅದು ನೀರೇ, ಮದ್ಯವಲ್ಲ. ಹೋಗಲಾಗದಿದ್ದರೂ ನಷ್ಟವಿಲ್ಲ. ಮನೆಯ ಮೂಲೆಯಲ್ಲಿ ಕುಳಿತ ಹಿರಿಯರ ಬಳಿಗೆ ಹೋಗಿ, ಅವರಿಗೆ ಏನು ಬೇಕೆಂದು ಇಂದು ಸಂಜೆ ಒಮ್ಮೆ ಕೇಳಿದರೆ ಸಾಕು.