ಎಲುಬಿಗೂ ನಿಲ್ಲದ ಬಾಣ

ಬಾಣ ಮಾಡುವವರು ತೂಕವನ್ನು ಇಂದಿಗೂ ಗ್ರೇನ್ ಎಂಬ ಹಳೆಯ ಅಳತೆಯಲ್ಲೇ ಹೇಳುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಹದಿನೈದೂವರೆ ಗ್ರೇನ್. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಳಸುವ ಬಾಣ ಸಾಮಾನ್ಯವಾಗಿ 400ರಿಂದ 500 ಗ್ರೇನ್, ಅಂದರೆ ಸುಮಾರು 30 ಗ್ರಾಂ ತೂಗುತ್ತದೆ. ಆಫ್ರಿಕಾದ ಕಾಡುಕೋಣದ ಮುಂದೆ ಹಳೇ ಕಾಲದ ಬಿಲ್ಲು ಹಿಡಿದು ನಿಲ್ಲುವವರ ಬತ್ತಳಿಕೆಯಲ್ಲಿ ಇರುವುದು 800, 900, ಕೆಲವೊಮ್ಮೆ ಸಾವಿರ ಗ್ರೇನ್ ದಾಟಿದ ಬಾಣ. ಈ ತೂಕ ತಾನಾಗಿ ಬಂದದ್ದಲ್ಲ. ಕೋಲು, ಮೊನೆ, ಗರಿ, ಅಂಟು ಒಂದೊಂದನ್ನೂ ಅಳೆದು, ಆರಿಸಿ, ಕೂರಿಸಿ ತುಂಬಿದ ತೂಕ.

ಆಫ್ರಿಕಾದ ಆ ಕೋಣದ ಗಾತ್ರ ತಿಳಿಯಬೇಕಾದರೆ ನಾಗರಹೊಳೆಯಲ್ಲಿ ಕಂಡ ಕಾಟಿಯನ್ನು ನೆನಪಿಸಿಕೊಂಡರೆ ಸಾಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಟಿಯ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು ಎನ್ನುವವರಲ್ಲಿ ನಾನೂ ಒಬ್ಬ. ದಕ್ಷಿಣ ಆಫ್ರಿಕಾ, ಉತ್ತರ ಆಸ್ಟ್ರೇಲಿಯಾದಂಥ ಕಡೆ ಪರವಾನಗಿಯ ಮೇಲೆ ದೊಡ್ಡ ಪ್ರಾಣಿಗಳ ಬೇಟೆ ನಡೆಯುತ್ತದೆ. ಅಲ್ಲಿ ಕೆಲವರು ಬಂದೂಕು ಬಿಟ್ಟು, ರಾಟೆ ಕಟ್ಟಿದ ಕಾಂಪೌಂಡ್ ಬಿಲ್ಲನ್ನೂ ಬಿಟ್ಟು, ಬರೀ ತೋಳಬಲದಿಂದ ಎಳೆಯುವ ಲಾಂಗ್‌ಬೋ ಅಥವಾ ರಿಕರ್ವ್ ಬಿಲ್ಲನ್ನೇ ಹಿಡಿಯುತ್ತಾರೆ. ಬೇಟೆ ಬೇಕೇ ಬೇಡವೇ ಎನ್ನುವ ಪ್ರಶ್ನೆಯನ್ನು ಯಾರೂ ಬದಿಗಿಡಬೇಕಾಗಿಲ್ಲ. ಆದರೆ ಬಾಣ ಬಿಡುವುದೇ ಆದರೆ ಅದು ಅರ್ಧಕ್ಕೆ ನಿಲ್ಲಬಾರದು ಎಂಬ ಹಟದಿಂದ ಹುಟ್ಟಿದ ಈ ಕಸುಬನ್ನು ನಾನು ಮನಸಾರೆ ಗೌರವಿಸುತ್ತೇನೆ.

ಬಾಣ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಎರಡೂ ಶ್ವಾಸಕೋಶಗಳನ್ನು ಸೀಳಿ ಹೋದರೆ ಪ್ರಾಣಿ ಬಹುಬೇಗ ಕುಸಿಯುತ್ತದೆ. ಪಕ್ಕೆಲುಬಿಗೆ ತಾಗಿ ಅಲ್ಲೇ ಸಿಕ್ಕಿಕೊಂಡರೆ ದಿನಗಟ್ಟಲೆ ನರಳುತ್ತದೆ. ಕಾಡುಕೋಣದ ಪಕ್ಕೆಲುಬು ಅಗಲ, ಅವುಗಳ ನಡುವಿನ ಸಂದು ಕಿರಿದು, ಮೇಲಿನ ಚರ್ಮ ದಪ್ಪ. ಬಾಣ ಎಲುಬನ್ನು ತಪ್ಪಿಸಿ ಹೋದೀತು ಎಂದು ನೆಚ್ಚಿಕೊಳ್ಳುವಂತಿಲ್ಲ. ಎಲುಬಿಗೆ ತಾಗಿಯೇ ತಾಗುತ್ತದೆ ಎಂದುಕೊಂಡು ಬಾಣ ಕಟ್ಟಬೇಕು.

ತೂಕದ ಲೆಕ್ಕ ಇಲ್ಲಿಂದ ಶುರು. ಒಂದೇ ಬಿಲ್ಲಿನಿಂದ ಬಾಣದ ತೂಕವನ್ನು ಒಂದೂವರೆ ಪಟ್ಟು ಮಾಡಿ ಬಿಟ್ಟರೆ ವೇಗ ಇಳಿಯುವುದು ಅಂದಾಜು ಏಳರಲ್ಲಿ ಒಂದು ಪಾಲು ಮಾತ್ರ. ಹಗುರ ಬಾಣ ಬಿಟ್ಟಾಗ ಬಿಲ್ಲಿನ ಶಕ್ತಿಯಲ್ಲಿ ಒಂದಷ್ಟು ಅದರ ತೋಳುಗಳ ನಡುಕದಲ್ಲಿ, ಹೆದೆಯ ಸದ್ದಿನಲ್ಲಿ ಪೋಲಾಗುತ್ತದೆ. ಭಾರದ ಬಾಣ ಆ ಶಕ್ತಿಯಲ್ಲಿ ಹೆಚ್ಚಿನದನ್ನು ತಾನೇ ಹೊತ್ತೊಯ್ಯುತ್ತದೆ. ತೂಕ ಮತ್ತು ವೇಗ ಗುಣಿಸಿದರೆ ಬರುವ ಸಂವೇಗ ಹೀಗೆ ಕಾಲು ಭಾಗಕ್ಕಿಂತ ಹೆಚ್ಚೇ ಏರುತ್ತದೆ. ತಡೆ ಎದುರಾದಾಗ ಬಾಣವನ್ನು ಮುಂದಕ್ಕೆ ನೂಕುತ್ತಾ ಇರುವುದು ಅದೇ. ಬಿಲ್ಲಿನ ಸದ್ದೂ ತಗ್ಗುವುದು ಜೊತೆಗೆ ಸಿಗುವ ಲಾಭ.

ಅನುಭವಿಗಳಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. 1938ರ ರಾಬಿನ್ ಹುಡ್ ಸಿನಿಮಾಕ್ಕೆ ಬಾಣ ಬಿಟ್ಟ ಅಮೆರಿಕದ ಹೋವರ್ಡ್ ಹಿಲ್ 1950ರ ಸುಮಾರಿಗೆ ಆಫ್ರಿಕಾಕ್ಕೆ ಹೋದಾಗ ಆನೆಗೆಂದು ಹಿಡಿದದ್ದು ನೂರು ಪೌಂಡಿಗೂ ಮೀರಿದ ಎಳೆತದ ಬಿಲ್ಲು, ಅದಕ್ಕೆ ತಕ್ಕ ಭಾರೀ ಬಾಣ. ಅಗಲಕ್ಕಿಂತ ಮೂರು ಪಟ್ಟು ಉದ್ದದ, ಎರಡೇ ಅಲಗಿನ ಮೊನೆಯ ಮೇಲೆ ಅವರಿಗೆ ನಂಬಿಕೆ. ಆನೆ ಬೇಟೆಗೆ ಹೆಸರಾದ ಕೀನ್ಯಾದ ವಾಟಾ ಜನ ಮಾತ್ರ ಬೇರೆ ದಾರಿ ಹಿಡಿದವರು. ಅವರ ಬಿಲ್ಲೂ ಬಹಳ ಬಿರುಸು, ಆದರೆ ಕೊಲ್ಲುವ ಕೆಲಸ ವಿಷದ್ದು. ಅಕೋಕ್ಯಾಂಥೆರಾ ಮರವನ್ನು ಕುದಿಸಿ ತೆಗೆದ ಆ ಕಪ್ಪು ಪಾಕ ನೇರ ಹೃದಯವನ್ನೇ ಹಿಡಿಯುತ್ತದೆ. ನಮ್ಮ ಕಣಗಿಲೆಯೂ ಅದೇ ಸಸ್ಯಕುಟುಂಬದ್ದು.

ಅನುಭವದ ಮಾತನ್ನು ಅಳತೆಗೆ ತಂದವರು ಡಾ. ಎಡ್ ಆಶ್ಬಿ. 1980ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದ ನಾಟಾಲ್ ಪ್ರಾಂತ್ಯದ ಎಂಕೂಜಿ ಅಭಯಾರಣ್ಯದಲ್ಲಿ ಆರಂಭಿಸಿದ ಪರೀಕ್ಷೆಗಳನ್ನು ಅವರು ಮುಂದೆ ಆಸ್ಟ್ರೇಲಿಯಾದ ನೀರುಕೋಣಗಳವರೆಗೂ ಬೆಳೆಸಿದರು. ಸಂಖ್ಯೆ ನಿಯಂತ್ರಣಕ್ಕೆಂದೋ ಬೇಟೆಯಲ್ಲೋ ಆಗಷ್ಟೇ ಸತ್ತ ಪ್ರಾಣಿಗಳ ದೇಹಕ್ಕೆ ಬಗೆಬಗೆಯ ಬಾಣ ಬಿಟ್ಟು, ಎಷ್ಟು ಆಳ ಹೋಯಿತು, ಎಲ್ಲಿ ಮುರಿಯಿತು ಎಂದು ಬರೆದಿಟ್ಟರು. ಬಾಣ ಸುಮಾರು 650 ಗ್ರೇನ್ ಮುಟ್ಟಿದ ಮೇಲೆ ದಪ್ಪ ಎಲುಬನ್ನು ದಾಟುವ ಸಾಧ್ಯತೆ ಒಮ್ಮೆಗೇ ಏರುತ್ತದೆ ಎನ್ನುವುದು ಅವರ ಹೆಸರಾಂತ ತೀರ್ಮಾನ. ಈ ಅಂಕಿಯೊಂದನ್ನೇ ಜಪಿಸುವವರು ಬಹಳ ಮಂದಿ. ಆದರೆ ಆಶ್ಬಿ ಪಟ್ಟಿಯಲ್ಲಿ ಮೊದಲ ಸ್ಥಾನ ತೂಕದ್ದಲ್ಲ. ಬಾಣ ಎಲ್ಲೂ ಬಾಗದೆ ಮುರಿಯದೆ ಉಳಿಯುವುದು ಮೊದಲು, ನೇರವಾಗಿ ಹಾರುವುದು ಎರಡನೆಯದು. ತೂಕದ ಸರದಿ ಅವುಗಳ ನಂತರ. ನನ್ನ ಮಟ್ಟಿಗೆ ಅವರ ಕೆಲಸದ ಬೆಲೆ ಇರುವುದು ಆ ಅನುಕ್ರಮದಲ್ಲಿ.

ಅದನ್ನೇ ಹಿಡಿದು ಕೆಲಸಕ್ಕೆ ಕೂತರೆ ಮೊದಲ ಆಯ್ಕೆ ಕೋಲಿನದು. ಒರೆಗಾನ್ ಕಡೆಯ ಪೋರ್ಟ್ ಆರ್ಫರ್ಡ್ ಸೀಡರ್ ನೇರ, ಸುವಾಸನೆಯ ಮರ. ಬಾಣಗಾರರಿಗೆ ಅಚ್ಚುಮೆಚ್ಚು, ಆದರೆ ಕೋಣಕ್ಕೆ ಹಗುರ. ಹಿಕ್ಕರಿ, ಆ್ಯಶ್, ಪದರ ಅಂಟಿಸಿದ ಬರ್ಚ್ ಭಾರ ಕೊಡುತ್ತವೆ. ಕೋಲಿನ ಮುಂದಿನ ತುದಿಯನ್ನು ಬೆಣೆಯಾಗಿ ತೀಡಿ, ಸೀಳಿದ ಒಂದು ಗೇಣು ಗಟ್ಟಿ ಮರದೊಳಗೆ ಕೂಡಿಸುವ ಹಳೆಯ ಪದ್ಧತಿಯೂ ಇದೆ. ಬಾಣ ಮುರಿಯುವುದು ಹೆಚ್ಚಾಗಿ ಮೊನೆಯ ಹಿಂದೆಯೇ ಆದ್ದರಿಂದ ಅಲ್ಲಿ ಈ ಆಸರೆ. ಕಾರ್ಬನ್ ಕೊಳವೆಗೆ ಹಿತ್ತಾಳೆ, ಉಕ್ಕು ತುಂಬಿ ಅದೇ ತೂಕ ಪಡೆಯುವವರೂ ಉಂಟು. ಅದು ಬಲವಾದದ್ದು, ಮಳೆಗೆ ಸೊಟ್ಟಗಾಗದು. ಆದರೂ ಕೈಯಿಂದ ತೀಡಿದ ಮರದ ಕೋಲಿನ ಕಡೆಗೇ ನನ್ನ ಒಲವು.

ಭಾರ ಎಲ್ಲಿ ಕೂರಬೇಕು ಎನ್ನುವುದೂ ಮುಖ್ಯ. 200, 300 ಗ್ರೇನ್ ತೂಗುವ ಮೊನೆ ಮುಂದಿದ್ದರೆ ಬಾಣದ ಸಮತೋಲದ ಬಿಂದು ನಡುವಿನಿಂದ ಮುಂದಕ್ಕೆ ಸರಿಯುತ್ತದೆ. ಆಗ ಎಲುಬಿಗೆ ತಾಗಿದಾಗ ಹಿಂದಿನ ಕೋಲು ಅಡ್ಡಡ್ಡ ಬಳುಕುವುದು ಕಡಿಮೆ. ನೂಕು ನೇರವಾಗಿ ಮುಂದಕ್ಕೇ ಸಲ್ಲುತ್ತದೆ. ಆದರೆ ಹೆದೆ ಬಿಟ್ಟ ಕ್ಷಣದಲ್ಲಿ ಪ್ರತಿ ಬಾಣವೂ ಬಿಲ್ಲನ್ನು ಬಳಸಿಕೊಂಡು ಬಾಗಿಯೇ ಹೋಗುತ್ತದೆ. ಮೊನೆ ಭಾರವಾದಷ್ಟೂ ಬಾಗುವುದು ಹೆಚ್ಚು, ಹಾಗಾಗಿ ಇನ್ನಷ್ಟು ಬಿರುಸಾದ ಕೋಲು ಬೇಕು. ತಕ್ಕ ಬಿರುಸನ್ನು ಹುಡುಕಲು ಗರಿಯಿಲ್ಲದ ಬರಿಗೋಲನ್ನೇ ಗುರಿಗೆ ಬಿಟ್ಟು ನೋಡುತ್ತಾರೆ. ಬಾಲ ಎಡಕ್ಕೋ ಬಲಕ್ಕೋ ವಾಲಿದರೆ ಕೋಲಿನ ಉದ್ದವನ್ನೋ ಮೊನೆಯ ತೂಕವನ್ನೋ ತಿದ್ದಿ ಮತ್ತೆ ಬಿಡುತ್ತಾರೆ. ಅವಸರದವರು ಬಿಟ್ಟುಬಿಡುವ ಹಂತ ಇದು. ಓರೆಯಾಗಿ ಬಂದು ತಾಗುವ ಬಾಣಕ್ಕೆ ಎಷ್ಟು ತೂಕವಿದ್ದರೂ ವ್ಯರ್ಥ.

ಗರಿ ಟರ್ಕಿ ಕೋಳಿಯ ರೆಕ್ಕೆಯದು. ಒಂದು ಬಾಣಕ್ಕೆ ಅಂಟಿಸುವ ಗರಿಗಳೆಲ್ಲ ಒಂದೇ ಕಡೆಯ ರೆಕ್ಕೆಯವಾಗಿರಬೇಕು, ಏಕೆಂದರೆ ಎಡ ರೆಕ್ಕೆ, ಬಲ ರೆಕ್ಕೆಯ ಗರಿಗಳ ಬಾಗು ಬೇರೆ ಬೇರೆ. ಬಾಣ ಯಾವ ಕಡೆ ತಿರುಗುತ್ತಾ ಹಾರುತ್ತದೆ ಎಂಬುದನ್ನು ಗರಿ ನಿರ್ಧರಿಸಿದರೆ, ಎಲುಬಿನೊಳಗೆ ಯಾವ ಕಡೆ ತಿರುಗುತ್ತದೆ ಎಂಬುದನ್ನು ಅಲಗು ನಿರ್ಧರಿಸುತ್ತದೆ. ದೊಡ್ಡ ಪ್ರಾಣಿಗೆ ಆಶ್ಬಿ ಒಪ್ಪಿದ ಅಲಗು ಬಡಗಿಯ ಉಳಿಯಂತೆ ಒಂದೇ ಬದಿಗೆ ಮಸೆದದ್ದು. ಅದು ನುಗ್ಗುವಾಗ ತಿರುಚಿಕೊಂಡು ಎಲುಬನ್ನು ಸೀಳಿಬಿಡುತ್ತದೆ, ಹಿಂದಿನ ಕೋಲಿಗೆ ದಾರಿ ಬಿಡುತ್ತದೆ. ಗರಿ, ಅಲಗು ಎರಡೂ ಒಂದೇ ದಿಕ್ಕಿಗೆ ತಿರುಗಬೇಕು. ಇಲ್ಲವಾದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಮಸೆಯುವುದು ಸಾಣೆಕಲ್ಲಿನ ಮೇಲೆ, ಕೊನೆಯ ಹೊಳಪು ಚರ್ಮದ ಪಟ್ಟಿಯ ಮೇಲೆ, ಮುಂಗೈ ಕೂದಲು ಬೋಳಿಸುವಷ್ಟು ಹರಿತ ಬರುವವರೆಗೆ.

ಆಶ್ಬಿ ಬಾಣ ಬಿಟ್ಟು ನೋಡಿದ ಆಸ್ಟ್ರೇಲಿಯಾದ ಆ ನೀರುಕೋಣ ಅಲ್ಲಿನ ಮೂಲ ಪ್ರಾಣಿಯಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷರು ಮಾಂಸಕ್ಕೆಂದು ತಿಮೋರ್ ಕಡೆಯಿಂದ ಉತ್ತರದ ಠಾಣೆಗಳಿಗೆ ತಂದದ್ದು. ಠಾಣೆ ಮುಚ್ಚಿದ ಮೇಲೆ ಕಾಡುಪಾಲಾಗಿ ಬೆಳೆಯಿತು. ನಮ್ಮ ಕೊಟ್ಟಿಗೆಯ ಎಮ್ಮೆಗೆ ದಾಯಾದಿ. ಜವುಗು ನೆಲವನ್ನು ತುಳಿದು ಹಾಳುಮಾಡುವುದರಿಂದ ಅಲ್ಲಿನ ಸರ್ಕಾರವೇ ಅದರ ಸಂಖ್ಯೆ ತಗ್ಗಿಸುತ್ತದೆ. ಭಾರದ ಬಾಣದ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಈ ಕೋಣಗಳಿಂದ.

ಇಷ್ಟೆಲ್ಲ ಕಟ್ಟಿದ ಬಾಣಕ್ಕೂ ಮಿತಿ ಇದೆ. ಭಾರ ಹೆಚ್ಚಿದಂತೆ ಅದು ಬೇಗ ಕೆಳಗಿಳಿಯುತ್ತದೆ, ಹಾಗಾಗಿ ಬಿಲ್ಲುಗಾರ ಇಪ್ಪತ್ತು ಮೀಟರಿನ ಆಸುಪಾಸಿಗೆ ನಡೆದು ಹೋಗಬೇಕು. ಗಾಳಿ ತಿರುಗಿದರೆ, ಕೋಣ ಎದುರಾಗಿ ನಿಂತರೆ ಬಿಲ್ಲು ಇಳಿಸಬೇಕು. ಆಫ್ರಿಕಾದಲ್ಲಿ ಪಕ್ಕದಲ್ಲೇ ದೊಡ್ಡ ರೈಫಲ್ ಹಿಡಿದ ವೃತ್ತಿಪರ ಬೇಟೆಗಾರ ನಿಂತಿರುತ್ತಾನೆ. ಬಾಣ ಕೈಕೊಟ್ಟರೆ ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಹೋಗಿ ಅದರ ನರಳಾಟ ಮುಗಿಸುವ ಹೊಣೆ ಅವನದು.